ಆರ್‌ಎಕ್ಸ್ 100: ಗೇರ್ ಬೇರಿಂಗ್ ಎಂಜಿನ್ ಕೇಸಿನಲ್ಲೇ ಕಚ್ಚಿಕೊಂಡಿದೆ, ಕೇಸ್ ಹಾಳಾಗದೆ ತೆಗೆಯೋದು ಹೇಗೆ?

ಮಂಡ್ಯ ಆರ್‌ಎಕ್ಸ್:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮಪ್ಪನ ಯಮಹಾ ಆರ್‌ಎಕ್ಸ್ 100 ಬೈಕ್ ಇದೆ, 1992ರ ಗಾಡಿ. ಕಬ್ಬಿನ ದುಡ್ಡು ಒಟ್ಟಿಗೆ ಬಂದ ವರ್ಷ ತೆಗೆದುಕೊಂಡಿದ್ದು. ಚಿಕ್ಕವನಿದ್ದಾಗ ನಾನು ಟ್ಯಾಂಕ್ ಮೇಲೆ ಕೂತು ಆಲೆಮನೆಗೆ ಹೋಗುತ್ತಿದ್ದೆ. ಅಪ್ಪನಿಗೆ ಮಂಡಿ ನೋವು ಶುರುವಾದ ಮೇಲೆ ಗಾಡಿ ಕೊಟ್ಟಿಗೆ ಸೇರಿತು. ಒಂಬತ್ತು ವರ್ಷ ಅಲ್ಲೇ ಇತ್ತು. ಕೊಟ್ಟಿಗೆ ನಾಲೆ ಪಕ್ಕದಲ್ಲೇ ಇರೋದರಿಂದ ಮಳೆಗಾಲ ಬಂದರೆ ನೆಲವೆಲ್ಲ ಒದ್ದೆ, ಗೋಡೆಯೂ ಬೆವರುತ್ತೆ.

ಈ ವರ್ಷ ಎಂಜಿನ್ ಇಳಿಸಿ ಮನೆಯಲ್ಲೇ ಪೂರ್ತಿ ಬಿಚ್ಚಿದ್ದೇನೆ. ಗೇರ್ ಆಯಿಲ್ ಬೋಲ್ಟ್ ತೆಗೆದಾಗ ಬಂದಿದ್ದು ಆಯಿಲ್ ಅಲ್ಲ, ಹಾಲು ಜಾಸ್ತಿ ಹಾಕಿದ ಕಾಫಿ ತರ ಇತ್ತು. ಆಗಲೇ ಗೊತ್ತಾಯಿತು ನೀರು ಸೇರಿದೆ ಅಂತ. ಎಂಜಿನ್ನಿನ ಹೊರಕವಚ, ಅಂದರೆ ಕೇಸ್, ಎರಡು ಭಾಗ ಇರುತ್ತೆ, ಎರಡೂ ಬೇರೆ ಮಾಡಿದೆ. ಕ್ರ್ಯಾಂಕ್ ಬಂತು, ಗೇರ್ ಸೆಟ್ ಬಂತು, ಉಳಿದ ಬೇರಿಂಗ್‌ಗಳೂ ಬಂದವು. ಎಡಗಡೆ ಕೇಸಿನಲ್ಲಿ ಗೇರ್ ಶಾಫ್ಟಿನ ತುದಿ ಕೂರುವ ಒಂದು ಬೇರಿಂಗ್ ಮಾತ್ರ ಅಲ್ಲಾಡುತ್ತಿಲ್ಲ. ಅದರ ಹಿಂದೆ ಕೇಸಿನ ಗೋಡೆ ಇದೆ, ಪಂಚ್ ಇಟ್ಟು ಹಿಂದಿನಿಂದ ತಟ್ಟೋಣ ಅಂದರೆ ಜಾಗವೇ ಇಲ್ಲ. ಬೇರಿಂಗ್ ಪೂರ್ತಿ ತುಕ್ಕು. ನಂಬರ್ ಕೂಡ ಓದೋಕೆ ಆಗುತ್ತಿಲ್ಲ. ಬೆರಳು ಹಾಕಿ ತಿರುಗಿಸಿದರೆ ಮರಳು ಅರೆದ ಹಾಗೆ ಸದ್ದು.

ಡಬ್ಲ್ಯೂಡಿ-40 ಹೊಡೆದು ಎರಡು ದಿನ ಬಿಟ್ಟೆ. ಕಂಬಿ ಬಗ್ಗಿಸಿ ಕೊಕ್ಕೆ ಮಾಡಿ ಎಳೆದೆ, ಕೊಕ್ಕೆ ನೆಟ್ಟಗಾಯಿತೇ ಹೊರತು ಬೇರಿಂಗ್ ಬರಲಿಲ್ಲ. ಆಮೇಲೆ ಸ್ಕ್ರೂಡ್ರೈವರ್ ಅಂಚಿಗೆ ಇಟ್ಟು ಮೀಟಿದೆ. ಅಲ್ಲಿ ಎರಡು ಕೇಸ್ ನಡುವಿನ ಪ್ಯಾಕಿಂಗ್ ಕೂರುವ ಮೇಲ್ಮೈಗೆ ಒಂದು ಗಾಯ ಆಯಿತು. ಅದನ್ನು ನೋಡಿ ಕೈ ನಿಲ್ಲಿಸಿದೆ.

ಊರಿನ ಒಂದು ಗ್ಯಾರೇಜಿಗೆ ತೆಗೆದುಕೊಂಡು ಹೋದೆ. ಬಿಟ್ಟು ಹೋಗು, ಉಳಿ ಇಟ್ಟು ಹತ್ತು ನಿಮಿಷದಲ್ಲಿ ಎಬ್ಬಿಸುತ್ತೇನೆ ಅಂದರು. ಕೊಡೋಕೆ ಮನಸ್ಸು ಬರಲಿಲ್ಲ, ವಾಪಸ್ ತಂದೆ. ಎಂಜಿನ್ ನಂಬರ್ ಇರೋದು ಕೇಸ್ ಮೇಲೆ, ಅದೇ ನಂಬರ್ ಆರ್‌ಸಿಯಲ್ಲಿ ಇದೆ. ಕೇಸ್ ಒಡೆದರೆ ಅಪ್ಪನ ಗಾಡಿ ಅಪ್ಪನ ಗಾಡಿಯಾಗಿ ಉಳಿಯೋದಿಲ್ಲ. ನನ್ನ ಹತ್ತಿರ ದೊಡ್ಡ ಟೂಲ್ ಏನೂ ಇಲ್ಲ. ಸ್ಪ್ಯಾನರ್ ಸೆಟ್, ಸಾಕೆಟ್ ಸೆಟ್, ಒಂದು ವೈಸ್, ಒಂದು ವರ್ನಿಯರ್, ಅಷ್ಟೇ. ಅನುಭವ ಇರುವವರು ದಾರಿ ಹೇಳಿ.

10-12 ಸ್ಪ್ಯಾನರ್:

ಗುರು, ಮೊದಲು ಒಂದು ವಿಷಯ ಖಾತ್ರಿ ಮಾಡಿಕೋ. ಬೇರಿಂಗ್ ಹಿಡಿದಿರೋದು ತುಕ್ಕೋ, ಇಲ್ಲಾ ಏನಾದರೂ ಪ್ಲೇಟ್, ಸರ್ಕ್ಲಿಪ್ (ಬೇರಿಂಗ್ ಜಾರದ ಹಾಗೆ ತಡೆಯುವ ಸ್ಪ್ರಿಂಗ್ ಬಳೆ) ಇದೆಯೋ? ನಾನು ಒಂದು ಸಲ ಅರ್ಧ ದಿನ ಒದ್ದಾಡಿದ್ದೆ, ಕೊನೆಗೆ ನೋಡಿದರೆ ಮಣ್ಣು ತುಂಬಿದ ಗಾಡಿಯಲ್ಲಿ ಸರ್ಕ್ಲಿಪ್ ಮುಚ್ಚಿಹೋಗಿತ್ತು. ಟೂತ್ ಬ್ರಷ್ ತೆಗೆದುಕೊಂಡು ಡೀಸೆಲ್‌ನಲ್ಲಿ ಸುತ್ತ ಚೆನ್ನಾಗಿ ಉಜ್ಜಿ, ಟಾರ್ಚ್ ಬಿಟ್ಟು ನೋಡು. ಬೇರಿಂಗ್ ಅಂಚಿನ ಸುತ್ತ ಬರೀ ಕೇಸಿನ ಅಲ್ಯೂಮಿನಿಯಂ ಕಾಣಬೇಕು, ಬೇರೆ ಏನೂ ಅಡ್ಡ ಇರಬಾರದು.

ಹಾಗೇ ಪ್ಲೇಟ್ ಇದ್ದರೆ ಅದರ ಸ್ಕ್ರೂ ಸಾಮಾನ್ಯ ಪ್ಲಸ್ ಸ್ಕ್ರೂಡ್ರೈವರಿಗೆ ಬರೋದಿಲ್ಲ, ತಲೆ ಸವೆದುಹೋಗುತ್ತೆ. ಇಂಪ್ಯಾಕ್ಟ್ ಡ್ರೈವರ್ ಇಟ್ಟು ಮೇಲಿಂದ ಒಂದು ಏಟು ಕೊಡಬೇಕು.

ಮಂಡ್ಯ ಆರ್‌ಎಕ್ಸ್:

ಈಗಷ್ಟೇ ಉಜ್ಜಿ ನೋಡಿದೆ ಅಣ್ಣ. ಪ್ಲೇಟ್ ಇಲ್ಲ, ಸರ್ಕ್ಲಿಪ್ ಇಲ್ಲ. ಬೇರಿಂಗ್ ಸುತ್ತ ಬಿಳಿ ಪುಡಿ ತರ ಕೂತಿದೆ, ಕೆಲವು ಕಡೆ ಕಂದು ಗೆರೆ. ಅದು ಬಿಟ್ಟರೆ ಏನೂ ಇಲ್ಲ.

ಯಾದವಗಿರಿ ಯೆಜ್ಡಿ:

ಬಿಳಿ ಪುಡಿ ಅಲ್ಯೂಮಿನಿಯಂ ತಿಂದಿರೋದು, ಕಂದು ಗೆರೆ ಉಕ್ಕಿನ ತುಕ್ಕು. ತುಕ್ಕು ಹಿಡಿದಾಗ ಉಕ್ಕು ಊದಿಕೊಳ್ಳುತ್ತೆ, ಮೊದಲಿಗಿಂತ ಜಾಸ್ತಿ ಜಾಗ ಕೇಳುತ್ತೆ. ಅದಕ್ಕೇ ಎಳೆದರೂ ಬರುತ್ತಿಲ್ಲ. ನೀವು ಕೈ ನಿಲ್ಲಿಸಿದ್ದು ಒಳ್ಳೆಯದಾಯಿತು. ಉಳಿಗೆ ಕೊಡದೆ ವಾಪಸ್ ತಂದಿದ್ದು ಅದಕ್ಕಿಂತ ಒಳ್ಳೆಯದು.

ನಾನು ಮೈಸೂರಿನವನು, ಯೆಜ್ಡಿ ಇಟ್ಟುಕೊಂಡಿದ್ದೇನೆ. ಯೆಜ್ಡಿ ಮಾಡುತ್ತಿದ್ದ ಇಲ್ಲಿನ ಯಾದವಗಿರಿಯ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ನಿಮ್ಮ ಆರ್‌ಎಕ್ಸ್ 100 ತಯಾರಿಕೆ ನಿಂತಿದ್ದೂ ಅದೇ ವರ್ಷ. ಅಂದರೆ ನಮ್ಮಿಬ್ಬರ ಗಾಡಿಗೂ ಕಂಪನಿಯಿಂದ ಹೊಸ ಕೇಸ್ ಬಂದು ಎಷ್ಟೋ ಕಾಲವಾಯಿತು. ಬೇರಿಂಗ್ ಅಂಗಡಿಯಲ್ಲಿ ಸಿಗುತ್ತೆ, ಕೇಸ್ ಸಿಗೋದಿಲ್ಲ. ಈ ಒಂದು ಮಾತು ತಲೆಯಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ: ಬೇರಿಂಗನ್ನು ಎಳೆಯೋಕೆ ಹೋಗಬೇಡಿ, ಕೇಸನ್ನು ಹಿಗ್ಗಿಸಿ.

ಲೆಕ್ಕ ಹೇಳುತ್ತೇನೆ. ಬಿಸಿ ಮಾಡಿದರೆ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತೆ. 40 ಎಂಎಂ ಹೊರ ವ್ಯಾಸದ ಬೇರಿಂಗ್ ಅಂತ ಇಟ್ಟುಕೊಳ್ಳಿ. ಬಿಸಿ 100 ಡಿಗ್ರಿ ಏರಿದರೆ ಕೇಸಿನಲ್ಲಿ ಬೇರಿಂಗ್ ಕೂರುವ ಗೂಡು ಸುಮಾರು 0.09 ಎಂಎಂ ದೊಡ್ಡದಾಗುತ್ತೆ, ಬೇರಿಂಗ್ ಸುಮಾರು 0.05 ಅಷ್ಟೇ. ನಡುವೆ 0.04 ಎಂಎಂ ಸಡಿಲ ಸಿಗುತ್ತೆ. ಕೇಳೋಕೆ ಏನೂ ಅಲ್ಲ ಅನಿಸುತ್ತೆ, ಆದರೆ ಬೇರಿಂಗ್ ಗೂಡಿನಲ್ಲಿ ಬಿಗಿಯಾಗಿ ನಿಲ್ಲೋದು ಅದಕ್ಕಿಂತ ಕಡಿಮೆ ಅಳತೆಯ ಮೇಲೇ. ತುಕ್ಕಿಲ್ಲದ ಕೇಸ್ ಆಗಿದ್ದರೆ ಬಿಸಿ ಮಾಡಿ ಮಗುಚಿ ಹಿಡಿದರೆ ಸಾಕು, ಬೇರಿಂಗ್ ತಾನಾಗೇ ಬಿದ್ದುಬಿಡುತ್ತೆ.

ಮನೆಯಲ್ಲಿ ಮಾಡೋದು ಹೀಗೆ. ಆಯಿಲ್ ಸೀಲ್, ಸ್ವಿಚ್, ರಬ್ಬರ್, ಪ್ಲಾಸ್ಟಿಕ್ ಏನಿದ್ದರೂ ಮೊದಲು ಬಿಚ್ಚಿ. ಕೇಸನ್ನು ಡೀಸೆಲ್‌ನಲ್ಲಿ ತೊಳೆದು, ಆಮೇಲೆ ಸೋಪಿನ ನೀರಿನಲ್ಲಿ ತೊಳೆದು, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ. ಇದನ್ನು ಅರ್ಧಂಬರ್ಧ ಮಾಡಬೇಡಿ, ಎಣ್ಣೆ ಉಳಿದರೆ ಹೊಗೆ ಬರುತ್ತೆ, ಬೆಂಕಿಯೂ ಹತ್ತಬಹುದು. ಪೆಟ್ರೋಲಿನಲ್ಲಿ ತೊಳೆದು ಒಲೆ ಹತ್ತಿರ ತರಲೇಬೇಡಿ. ಒಂದು ಹಳೇ ದೋಸೆ ಹೆಂಚು, ಇಲ್ಲಾ ದಪ್ಪ ಕಬ್ಬಿಣದ ತಟ್ಟೆ ಗ್ಯಾಸ್ ಮೇಲೆ ಇಡಿ, ಅದರ ಮೇಲೆ ಕೇಸ್ ಇಡಿ, ಮೇಲೊಂದು ಪಾತ್ರೆ ಕವುಚಿ. ಸಣ್ಣ ಉರಿ. ಇಪ್ಪತ್ತು, ಇಪ್ಪತ್ತೈದು ನಿಮಿಷ. ನಡುವೆ ನಡುವೆ ಜಾಗ ಬದಲಿಸುತ್ತಾ ಇರಿ, ಎಲ್ಲ ಕಡೆ ಒಂದೇ ಸಮ ಕಾಯಬೇಕು. ಎಷ್ಟು ಕಾದಿದೆ ಅಂತ ತಿಳಿಯೋಕೆ ದೋಸೆ ಹೆಂಚಿಗೆ ಮಾಡುವ ಹಾಗೆ ಒಂದು ಹನಿ ನೀರು ಚಿಮುಕಿಸಿ. ಚುರ್ ಅಂತ ಆರಿಹೋದರೆ ಸರಿ. ಹನಿ ಗೋಲಿ ತರ ಉರುಳಾಡಿದರೆ ಬಿಸಿ ಜಾಸ್ತಿಯಾಯಿತು, ಇಳಿಸಿಬಿಡಿ. ಆ ಹೆಂಚನ್ನು ಮತ್ತೆ ಅಡುಗೆಗೆ ಬಳಸಬಾರದು, ಅದನ್ನೂ ಈಗಲೇ ಹೇಳಿಬಿಡುತ್ತೇನೆ.

ಕಾದ ಮೇಲೆ ದಪ್ಪ ಚರ್ಮದ ಗ್ಲೌಸ್ ಹಾಕಿಕೊಂಡು, ಬೇರಿಂಗ್ ಕೆಳಗೆ ಬರುವ ಹಾಗೆ ಕೇಸ್ ಮಗುಚಿ, ಮರದ ಹಲಗೆ ಮೇಲೆ ಸಮನಾಗಿ ಒಂದೆರಡು ಸಲ ಕುಟ್ಟಿ. ಮೂಲೆ ಮೊದಲು ತಾಗಬಾರದು, ಇಡೀ ಮೇಲ್ಮೈ ಒಟ್ಟಿಗೆ ತಾಗಬೇಕು. ನಿಧಾನ ಮಾಡಿದರೆ ಕೇಸ್ ಆರಿ ಕುಗ್ಗುತ್ತೆ, ಸಿಕ್ಕ ಸಡಿಲ ಕಡಿಮೆಯಾಗುತ್ತೆ. ಒಲೆಯಿಂದ ಇಳಿಸಿದ ತಕ್ಷಣ ಮಾಡಿ.

ನಾಲೆ ಏರಿ:

ಅಷ್ಟೆಲ್ಲ ಯಾಕೆ, ಗ್ಯಾಸ್ ವೆಲ್ಡಿಂಗ್‌ನವರ ಹತ್ತಿರ ಹೋಗಿ ಬೇರಿಂಗ್ ಸುತ್ತ ಜ್ವಾಲೆ ಬಿಡಿಸಿ. ಎರಡು ನಿಮಿಷದ ಕೆಲಸ. ನಮ್ಮ ಪಂಪ್‌ಸೆಟ್ ಮೋಟಾರಿಗೆ ಹಾಗೇ ಮಾಡಿಸಿದ್ದು.

ಹೆಬ್ಬಾಳ ಲೇತ್:

ದಯವಿಟ್ಟು ಅದು ಬೇಡ. ಪಂಪ್‌ಸೆಟ್ ಮೋಟಾರಿನ ಮೈ ಸಾಮಾನ್ಯವಾಗಿ ಬೀಡು ಕಬ್ಬಿಣ, ದಪ್ಪ ಇರುತ್ತೆ, ತಡೆದುಕೊಳ್ಳುತ್ತೆ. ಬೈಕ್ ಕೇಸ್ ತೆಳು ಅಲ್ಯೂಮಿನಿಯಂ. ಒಂದೇ ಕಡೆ ಜ್ವಾಲೆ ಬಿಟ್ಟರೆ ಅಲ್ಲಿ ಮಾತ್ರ ಹಿಗ್ಗಿ ಕೇಸ್ ಸೊಟ್ಟಗಾಗುತ್ತೆ, ಆಮೇಲೆ ಎರಡು ಕೇಸ್ ಜೋಡಿಸಿದರೆ ಶಾಫ್ಟ್ ನೇರ ನಿಲ್ಲೋದಿಲ್ಲ. ಇನ್ನೊಂದು ದೊಡ್ಡ ತೊಂದರೆ ಅಂದರೆ ಅಲ್ಯೂಮಿನಿಯಂ ಕಬ್ಬಿಣದ ಹಾಗೆ ಕೆಂಪಗಾಗಿ ಎಚ್ಚರಿಕೆ ಕೊಡೋದಿಲ್ಲ. ನೋಡೋಕೆ ಹಾಗೇ ಬೆಳ್ಳಗಿರುತ್ತೆ, ಇದ್ದಕ್ಕಿದ್ದ ಹಾಗೆ ಕುಸಿದುಬಿಡುತ್ತೆ. ನಮ್ಮ ಶಾಪಿಗೆ ಹಾಗೆ ಕುಸಿದ ಕೇಸ್ ಬಂದಿದೆ, ನೋಡಿದರೆ ಹೊಟ್ಟೆ ಉರಿಯುತ್ತೆ.

ಯೆಜ್ಡಿ ಸಾರ್ ಹೇಳಿದ್ದೇ ಮೊದಲ ದಾರಿ. ಬಿಸಿ ಒಂದರಿಂದಲೇ ಬರದಿದ್ದರೆ ಬಿಸಿಯ ಜೊತೆಗೆ ಎಳೆತವೂ ಬೇಕು. ಅದಕ್ಕೆ ಬ್ಲೈಂಡ್ ಬೇರಿಂಗ್ ಪುಲ್ಲರ್ ಅಂತ ಬರುತ್ತೆ. ಬೇರಿಂಗಿನ ಒಳ ರೇಸ್ (ಒಳಗಿನ ಉಕ್ಕಿನ ಬಳೆ) ಒಳಗೆ ತೂರಿಸಿ ಬಿಗಿ ಮಾಡಿದರೆ ತುದಿ ಅರಳಿ ಹಿಂದಿನ ಅಂಚನ್ನು ಹಿಡಿಯುತ್ತೆ, ಜೊತೆಗಿರುವ ಜಾರುವ ತೂಕವನ್ನು ಹಿಂದಕ್ಕೆ ಹೊಡೆದರೆ ಎಳೆಯುತ್ತೆ. ಒಂದು ಬೇರಿಂಗಿಗೋಸ್ಕರ ಸೆಟ್ ಕೊಳ್ಳಬೇಕಿಲ್ಲ. ಗೋಡೆಗೆ ಹಾಕುವ ಆಂಕರ್ ಬೋಲ್ಟ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತೆ ಅಲ್ವಾ, ಬಿಗಿದರೆ ಹೊರಗಿನ ಕವಚ ಅರಳುವಂಥದ್ದು, ಅದು ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತೆ. ಒಳ ರೇಸಿನ ಅಳತೆ ವರ್ನಿಯರಿನಲ್ಲಿ ತೆಗೆದುಕೊಂಡು, ಅದರಲ್ಲಿ ಕೈಯಿಂದ ಸಲೀಸಾಗಿ ಇಳಿಯುವಂಥದ್ದು ತನ್ನಿ. ಕೇಸಿನ ಗೋಡೆಗೆ ತಾಗದ ಹಾಗೆ ಒಳಗಿಟ್ಟು ಬಿಗಿದು, ಮೇಲೆ ಉಳಿದ ಬೋಲ್ಟಿಗೆ ಒಂದು ಅಡ್ಡ ಪಟ್ಟಿ ಹಾಕಿ, ಪಟ್ಟಿಯ ಎರಡು ತುದಿಗೂ ಮರದ ತುಂಡು ಕೊಟ್ಟು, ನಟ್ ತಿರುಗಿಸುತ್ತಾ ಹೋದರೆ ಬೇರಿಂಗ್ ಮೇಲಕ್ಕೆ ಬರುತ್ತೆ. ಮರದ ತುಂಡು ಗೂಡಿನ ಹತ್ತಿರವೇ ಇರಲಿ, ದೂರ ಇಟ್ಟರೆ ಕೇಸ್ ಬಾಗುತ್ತೆ.

ಬೇರಿಂಗಿನ ಹಿಂದೆ ಗ್ರೀಸ್ ತುಂಬಿ ಸರಿಯಾದ ಅಳತೆಯ ಸರಳು ಇಟ್ಟು ಹೊಡೆಯುವುದನ್ನೂ ಕೇಳಿರುತ್ತೀರಿ. ಒದ್ದೆ ನ್ಯೂಸ್‌ಪೇಪರ್ ತುಂಬಿಯೂ ಮಾಡುತ್ತಾರೆ. ಗಟ್ಟಿಯಾದ, ಹಿಂದೆ ತೂತಿಲ್ಲದ ಗೂಡಾದರೆ ಅದು ಒಳ್ಳೆಯದೇ. ಆದರೆ ತೆರೆದ ಬೇರಿಂಗಿನಲ್ಲಿ ಗ್ರೀಸ್ ಗುಂಡುಗಳ ನಡುವಿನಿಂದ ಹೊರಗೆ ಬಂದುಬಿಡುತ್ತೆ. ಜೊತೆಗೆ ನೀವು ಕೊಡುವ ಪ್ರತಿ ಏಟೂ ಹಿಂದಿನ ಗೋಡೆಯ ಮೇಲೂ ಬೀಳುತ್ತೆ. ಆ ಗೋಡೆ ತುಕ್ಕು ತಿಂದು ಎಷ್ಟು ಉಳಿದಿದೆಯೋ ಹೊರಗಿನಿಂದ ಕಾಣೋದಿಲ್ಲ. ನಿಮ್ಮ ಕೇಸಿಗೆ ನಾನು ಅದನ್ನು ಹೇಳುವುದಿಲ್ಲ.

ಮತ್ತೆ ಕಣ್ಣಿಗೆ ಕನ್ನಡಕ ಹಾಕಿಕೊಳ್ಳದೆ ಬೇರಿಂಗ್ ಹತ್ತಿರ ಸುತ್ತಿಗೆ ಎತ್ತಬೇಡಿ. ಬೇರಿಂಗ್ ಉಕ್ಕು ತುಂಬಾ ಗಡಸು, ಬಗ್ಗೋದಿಲ್ಲ, ಚೂರಾಗಿ ಹಾರುತ್ತೆ.

ನಾಲೆ ಏರಿ:

ಸರಿ ಮೇಡಂ, ಮೋಟಾರ್ ಬೀಡು ಕಬ್ಬಿಣದ್ದೇ ಇತ್ತು. ಅಲ್ಯೂಮಿನಿಯಂ ವಿಷಯ ನನಗೆ ಗೊತ್ತಿರಲಿಲ್ಲ. ಜ್ವಾಲೆ ಬೇಡ ತಮ್ಮ, ನನ್ನ ಮಾತು ವಾಪಸ್.

ಮಂಡ್ಯ ಆರ್‌ಎಕ್ಸ್:

ಮೂರು ದಿನ ಆಯಿತು, ಏನೇನಾಯಿತು ಅಂತ ಬರೆಯುತ್ತೇನೆ.

ಅಮ್ಮ ಬಳಸದೆ ಇಟ್ಟಿದ್ದ ಹಳೇ ಹೆಂಚು ಕೊಟ್ಟರು. ಅಂಗಳದಲ್ಲಿ ಸಣ್ಣ ಗ್ಯಾಸ್ ಒಲೆ ಹಚ್ಚಿ ಯೆಜ್ಡಿ ಸಾರ್ ಹೇಳಿದ ಹಾಗೇ ಕಾಯಿಸಿದೆ. ಇಪ್ಪತ್ತೈದು ನಿಮಿಷಕ್ಕೆ ನೀರಿನ ಹನಿ ಚುರ್ ಅಂತು. ಹಲಗೆ ಮೇಲೆ ಕುಟ್ಟಿದೆ. ಬರಲಿಲ್ಲ. ಆರಿಸಿ, ಬೇರಿಂಗ್ ಸುತ್ತ ಮತ್ತೆ ಡಬ್ಲ್ಯೂಡಿ-40 ಬಿಟ್ಟು, ರಾತ್ರಿಯೆಲ್ಲ ನೆನೆಯೋಕೆ ಇಟ್ಟೆ. ಬೆಳಿಗ್ಗೆ ಪೂರ್ತಿ ತೊಳೆದು ಒಣಗಿಸಿ ಎರಡನೇ ಸಲ ಕಾಯಿಸಿದೆ. ಈ ಸಲ ಆಂಕರ್ ಬೋಲ್ಟ್ ಹಾಕಿ ಬಿಗಿದೆ. ನಟ್ ತಿರುಗಿಸುತ್ತಾ ಇದ್ದ ಹಾಗೆ ಟಕ್ ಅಂತ ಒಂದು ಸದ್ದು. ಬಂತು ಅಂತ ತುಂಬಾ ಖುಷಿಯಾಯಿತು.

ಬಂದಿದ್ದು ಒಳ ರೇಸ್ ಮತ್ತು ಗುಂಡುಗಳು ಮಾತ್ರ. ಗುಂಡುಗಳನ್ನು ಹಿಡಿದಿರುವ ಜಾಲರಿ ತುಕ್ಕಿನಲ್ಲಿ ಪುಡಿಯಾಗಿತ್ತು, ಗುಂಡುಗಳೆಲ್ಲ ಒಂದೇ ಬದಿಗೆ ಸರಿದು ಒಳ ರೇಸ್ ಹಾಗೇ ಎದ್ದು ಬಂದಿದೆ. ಹೊರ ರೇಸ್ ಗೂಡಿನಲ್ಲೇ ಉಳಿದಿದೆ. ಈಗ ಅಲ್ಲಿರೋದು ನುಣುಪಾದ ಒಂದು ಬಳೆ. ಹಿಡಿದು ಎಳೆಯೋಕೆ ಅಂಚೇ ಇಲ್ಲ. ಬಳೆಯ ಹಿಂದಿನ ಅಂಚು ಗೋಡೆಗೆ ಅಂಟಿಕೊಂಡು ಕೂತಿದೆ, ಉಗುರು ಹೋಗುವಷ್ಟೂ ಸಂದಿಲ್ಲ.

ನಿನ್ನೆ ಸಂಜೆ ಅಪ್ಪ ಬಂದು ಪಕ್ಕದಲ್ಲಿ ಕೂತು ಕೇಸನ್ನು ತೊಡೆ ಮೇಲಿಟ್ಟುಕೊಂಡು ನೋಡಿದರು. ಇಷ್ಟು ಕಷ್ಟ ಯಾಕೆ, ಬಿಡು ಅಂದರು. ಆದರೆ ಎಂಜಿನ್ ನಂಬರ್ ಮೇಲಿನ ಮಣ್ಣನ್ನು ಹೆಬ್ಬೆರಳಿನಿಂದ ಉಜ್ಜುತ್ತಾ ಇದ್ದರು. ನಾನು ಬಿಡೋದಿಲ್ಲ. ಗ್ರೈಂಡರ್‌ನಲ್ಲಿ ಬಳೆಯನ್ನು ಕತ್ತರಿಸಬಹುದಾ?

10-12 ಸ್ಪ್ಯಾನರ್:

ಗ್ರೈಂಡರ್ ಬೇಡ ಗುರು. ಬಳೆ ದಪ್ಪ ಎರಡು ಮೂರು ಎಂಎಂ ಇರಬಹುದು, ಅದನ್ನು ಪೂರ್ತಿ ಕತ್ತರಿಸುವಾಗ ಕಲ್ಲು ಗೂಡಿಗೆ ತಾಗೇ ತಾಗುತ್ತೆ. ಗೂಡಿಗೆ ಗೆರೆ ಬಿದ್ದರೆ ಹೊಸ ಬೇರಿಂಗ್ ಕೂರೋದಿಲ್ಲ. ಅನುಭವ ಇರುವವರು ಮುಕ್ಕಾಲು ಭಾಗ ತಿಂದು ಉಳಿದದ್ದನ್ನು ಒಡೆಯುತ್ತಾರೆ, ಆದರೆ ಮೊದಲ ಸಲ ನಿಮ್ಮಪ್ಪನ ಕೇಸಿನ ಮೇಲೆ ಕಲಿಯಬೇಡ.

ಹೆಬ್ಬಾಳ ಲೇತ್:

ಬೇಜಾರು ಮಾಡಿಕೊಳ್ಳಬೇಡಿ. ಬರೀ ಹೊರ ರೇಸ್ ಉಳಿದಿದೆ ಅಂದರೆ ಅರ್ಧ ಕೆಲಸ ಮುಗಿದ ಹಾಗೆ, ನಿಜವಾಗಿ ಹೇಳುತ್ತಿದ್ದೇನೆ. ಇದಕ್ಕೆ ವೆಲ್ಡಿಂಗ್ ಇದೆ.

ಹೊರ ರೇಸಿನ ಒಳಮೈ ಮೇಲೆ, ಗುಂಡು ಓಡುವ ದಾರಿಯಲ್ಲಿ ಸುತ್ತ ಒಂದು ವೆಲ್ಡ್ ಎಳೆಯುತ್ತೇವೆ. ಕರಗಿದ ಉಕ್ಕು ಆರುವಾಗ ಕುಗ್ಗುತ್ತೆ, ಕುಗ್ಗುವಾಗ ರೇಸನ್ನೂ ಒಳಕ್ಕೆ ಎಳೆಯುತ್ತೆ. ರೇಸ್ ತನ್ನ ಮೊದಲಿನ ಅಳತೆಗಿಂತ ಚಿಕ್ಕದಾಗುತ್ತೆ. ಉಕ್ಕಿನ ವೆಲ್ಡ್ ಅಲ್ಯೂಮಿನಿಯಂಗೆ ಹಿಡಿಯೋದಿಲ್ಲ. ಆದರೂ ಗೂಡಿನ ಅಂಚಿಗೆ ತಾಗದ ಹಾಗೆ ಎಳೆಯೋ ಕೈ ಬೇಕು. ಮನೆಯಲ್ಲಿ ಮಾಡುವ ಕೆಲಸ ಅಲ್ಲ ಇದು. ಹತ್ತಿರದಲ್ಲಿ ಟಿಗ್ ವೆಲ್ಡಿಂಗ್ ಮಾಡುವವರಿದ್ದರೆ ಅವರ ಹತ್ತಿರ ಮಾಡಿಸಿ, ಈ ಮೂರು ಮಾತು ಹೇಳಿ. ಅರ್ಥ್ ಕ್ಲ್ಯಾಂಪ್ ಆದಷ್ಟು ರೇಸಿಗೇ ಹಿಡಿಯಲಿ. ಕೇಸಿನಲ್ಲಿ ಬೇರೆ ಒಳ್ಳೆ ಬೇರಿಂಗ್ ಇದ್ದರೆ ಮೊದಲೇ ತೆಗೆದಿರಬೇಕು, ಕರೆಂಟ್ ಅದರ ಮೂಲಕ ಹರಿದರೆ ಗುಂಡುಗಳ ಮೇಲೆ ಸುಟ್ಟ ಚುಕ್ಕೆ ಬೀಳುತ್ತೆ. ಪ್ಯಾಕಿಂಗ್ ಮೇಲ್ಮೈ ಮೇಲೆ ಒದ್ದೆ ಬಟ್ಟೆ ಹಾಸಿರಬೇಕು, ಕಿಡಿ ಹಾರಿದರೆ ಕಲೆ ಉಳಿಯುತ್ತೆ.

ಹತ್ತಿರ ಯಾರೂ ಸಿಗದಿದ್ದರೆ ಮೈಸೂರಿಗೆ ಬನ್ನಿ. ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನಮ್ಮ ತಂದೆಯ ಸಣ್ಣ ಶಾಪ್ ಇದೆ, ಈಗ ನಾನು ನೋಡಿಕೊಳ್ಳುತ್ತೇನೆ. ಮೆಸೇಜ್ ಮಾಡಿ, ದಾರಿ ಹೇಳುತ್ತೇನೆ.

ಯಾದವಗಿರಿ ಯೆಜ್ಡಿ:

ಹೋಗಿ ಬನ್ನಿ. ನಾನು ಇದನ್ನು ಯೆಜ್ಡಿ ಕೇಸ್ ಒಂದರ ಮೇಲೆ ಕಣ್ಣಾರೆ ನೋಡಿದ್ದೇನೆ. ಹೋಗುವಾಗ ಹೊಸ ಬೇರಿಂಗ್ ಈಗಲೇ ಕೊಳ್ಳಬೇಡಿ. ಮೊದಲು ಗೂಡು ಹೇಗಿದೆ ನೋಡಬೇಕು.

ಮಂಡ್ಯ ಆರ್‌ಎಕ್ಸ್:

ಹೋಗಿ ಬಂದೆ! ಕೇಸನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಬೆಳಗಿನ ರೈಲಿನಲ್ಲಿ ತೊಡೆ ಮೇಲಿಟ್ಟುಕೊಂಡು ಹೋದೆ. ಅಪ್ಪನೂ ಬರುತ್ತೇನೆ ಅಂದು ಹೊರಟರು.

ಮೇಡಂ ಮೊದಲು ಹತ್ತು ನಿಮಿಷ ಕೇಸ್ ನೋಡಿದರು. ನಾನು ಸ್ಕ್ರೂಡ್ರೈವರಿನಲ್ಲಿ ಮಾಡಿದ ಗಾಯದ ಮೇಲೆ ಉಗುರು ಎಳೆದು ನೋಡಿದರು. ಆಮೇಲೆ ಒದ್ದೆ ಬಟ್ಟೆ ಹಾಸಿ, ರೇಸ್ ಮಾತ್ರ ಕಾಣುವ ಹಾಗೆ ಮಾಡಿಕೊಂಡರು. ವೆಲ್ಡ್ ಎಳೆದಿದ್ದು ಒಂದು ನಿಮಿಷವೂ ಆಗಿಲ್ಲ. ಒಂದೇ ಸಲ ಸುತ್ತಲಿಲ್ಲ. ಎದುರು ಬದುರು ನಾಲ್ಕು ತುಂಡಾಗಿ ಎಳೆದು, ಆಮೇಲೆ ನಡುವಿನ ಜಾಗ ತುಂಬಿದರು. ಮೊದಲು ಕೆಂಪಗಿದ್ದ ಗೆರೆ ಆಮೇಲೆ ಕಪ್ಪಗಾಗಿ, ಅಂಚಿನಲ್ಲಿ ನೀಲಿ ಬಣ್ಣ ಬಂತು. ಈಗ ಯಾರೂ ಮುಟ್ಟಬೇಡಿ ಅಂದರು. ಎಲ್ಲರೂ ಸುಮ್ನೆ ನಿಂತು ನೋಡುತ್ತಿದ್ದೆವು. ಸಣ್ಣಗೆ ಟಿಕ್, ಟಿಕ್ ಅಂತ ಸದ್ದು ಬರುತ್ತಿತ್ತು. ಐದಾರು ನಿಮಿಷ ಕಳೆದ ಮೇಲೆ ರೇಸಿಗೂ ಗೂಡಿಗೂ ನಡುವೆ ಕೂದಲೆಳೆಯಷ್ಟು ಕಪ್ಪು ಗೆರೆ ಕಾಣಿಸಿತು. ಮೇಡಂ ಕೇಸನ್ನು ಎತ್ತಿ ಮಗುಚಿದರು. ರೇಸ್ ತಾನಾಗೇ ಹಲಗೆ ಮೇಲೆ ಬಿತ್ತು, ಉರುಳಿಕೊಂಡು ಹೋಗಿ ಅಪ್ಪನ ಚಪ್ಪಲಿ ಹತ್ತಿರ ನಿಂತಿತು. ಒಂದು ವಾರದಿಂದ ನಾನು ಜೀವ ಬಿಟ್ಟು ಎಳೆಯುತ್ತಿದ್ದದ್ದು ಅದೇ ರೇಸ್.

ಗೂಡು ಒರೆಸಿ ಅಳೆದರು. ಒಂದು ಕಡೆ ಬಿಳಿ ಪುಡಿ ತಿಂದ ಸಣ್ಣ ಗುಳಿ ಇದೆ, ಉಳಿದಂತೆ ಅಳತೆ ಸರಿಯಿದೆ ಅಂದರು. ಹಿಂದಿನ ಗೋಡೆ ಗಟ್ಟಿ ಇದೆ. ದುಡ್ಡು ಕೊಡೋಕೆ ಹೋದರೆ ತೀರಾ ಕಡಿಮೆ ತೆಗೆದುಕೊಂಡರು. ಮೇಡಂ, ತುಂಬಾ ಧನ್ಯವಾದ. ಅಪ್ಪ ವಾಪಸ್ ಬರುವಾಗ ದಾರಿಯುದ್ದಕ್ಕೂ ಗಾಡಿ ತಂದ ದಿನದ ಕಥೆ ಹೇಳಿದರು, ಅದನ್ನು ನಾನು ಮೊದಲ ಸಲ ಕೇಳಿದ್ದು.

ಈಗ ಹೊಸದು ಕೂರಿಸುವಾಗ ತಪ್ಪು ಮಾಡಬಾರದು. ಏನು ನೋಡಿಕೊಳ್ಳಬೇಕು?

10-12 ಸ್ಪ್ಯಾನರ್:

ಓದಿ ತುಂಬಾ ಸಂತೋಷವಾಯಿತು ಗುರು.

ಹಳೆಯ ರೇಸ್ ಈಗ ಕೈಯಲ್ಲಿದೆ ಅಲ್ವಾ, ಸ್ಯಾಂಡ್‌ಪೇಪರ್‌ನಲ್ಲಿ ಬದಿಯನ್ನು ಮೆಲ್ಲಗೆ ಉಜ್ಜು, ನಂಬರ್ ಕಾಣಬಹುದು. ಕಾಣದಿದ್ದರೆ ಒಳ ವ್ಯಾಸ, ಹೊರ ವ್ಯಾಸ, ದಪ್ಪ ಮೂರನ್ನೂ ಬರೆದುಕೊಂಡು ಹೋಗು. ವೆಲ್ಡ್ ಮಾಡಿದ ರೇಸಿನಿಂದ ಹೊರ ವ್ಯಾಸ ತೆಗೆದುಕೊಳ್ಳಬೇಡ, ಅದು ಕುಗ್ಗಿದೆ, ಗೂಡಿನಿಂದಲೇ ತೆಗೆದುಕೋ. ಬೇರಿಂಗ್ ನಂಬರಿನಲ್ಲಿ ಕೊನೆಯ ಎರಡು ಅಂಕಿ ಒಳ ವ್ಯಾಸ ಹೇಳುತ್ತೆ. 04 ಇದ್ದರೆ ಐದರಿಂದ ಗುಣಿಸು, 20 ಎಂಎಂ. 05 ಅಂದರೆ 25. ಅದಕ್ಕಿಂತ ಚಿಕ್ಕದಕ್ಕೆ ಲೆಕ್ಕ ಬೇರೆ, 03 ಅಂದರೆ 17, 02 ಅಂದರೆ 15. ಹೀಗೆ 6203 ಅಂದರೆ ಒಳಗೆ 17, ಹೊರಗೆ 40, ದಪ್ಪ 12. ಹಳೆಯದರ ಮೇಲೆ ನಂಬರ್ ಆದ ಮೇಲೆ ಸಿ3 ಅಂತ ಇದ್ದರೆ ಹೊಸದರಲ್ಲೂ ಅದೇ ಕೇಳು, ಒಳಗಿನ ಸಡಿಲ ಸ್ವಲ್ಪ ಜಾಸ್ತಿ ಇರುವಂಥದ್ದು ಅಂತ ಅದರ ಅರ್ಥ. ನಕಲಿ ಮಾಲು ತುಂಬಾ ಇದೆ, ಅಧಿಕೃತ ಡೀಲರ್ ಹತ್ತಿರ ಬಿಲ್ ಹಾಕಿಸಿಕೊಂಡು ತೆಗೆದುಕೋ.

ಯಾದವಗಿರಿ ಯೆಜ್ಡಿ:

ಕೂರಿಸೋದು ತೆಗೆಯೋದಕ್ಕಿಂತ ಸುಲಭ. ಬಿಸಿ ಮತ್ತು ತಣ್ಣಗೆ ಎರಡನ್ನೂ ಬಳಸಿಕೊಳ್ಳಿ. ಹೊಸ ಬೇರಿಂಗನ್ನು ಅದರ ಪ್ಯಾಕೆಟ್ಟಿನಲ್ಲೇ, ಮೇಲೆ ಇನ್ನೊಂದು ಪ್ಲಾಸ್ಟಿಕ್ ಕವರ್ ಬಿಗಿಯಾಗಿ ಕಟ್ಟಿ, ರಾತ್ರಿ ಫ್ರೀಜರ್‌ನಲ್ಲಿಡಿ. ಮೈನಸ್ 18 ಡಿಗ್ರಿಗೆ ಹೋದರೆ 40 ಎಂಎಂ ಬೇರಿಂಗ್ ಸುಮಾರು 0.02 ಎಂಎಂ ಕುಗ್ಗುತ್ತೆ. ಬೆಳಿಗ್ಗೆ ಕೇಸನ್ನು ಮೊದಲಿನ ಹಾಗೇ ಹೆಂಚಿನ ಮೇಲೆ ಕಾಯಿಸಿ. ಕೇಸ್ ಸಮತಟ್ಟಾದ ಹಲಗೆ ಮೇಲೆ, ಗೂಡು ಮೇಲಕ್ಕೆ. ಬೇರಿಂಗ್ ಫ್ರೀಜರ್‌ನಿಂದ ತೆಗೆದ ತಕ್ಷಣ ನೇರವಾಗಿ ಬಿಡಿ. ನೇರ ಬಿಟ್ಟರೆ ತಕ್ ಅಂತ ತಳಕ್ಕೆ ಹೋಗಿ ಕೂರುತ್ತೆ. ಓರೆಯಾಗಿ ಸಿಕ್ಕಿಕೊಂಡರೆ ಹೊಡೆಯಬೇಡಿ, ತೆಗೆದು ಮತ್ತೆ ಕಾಯಿಸಿ. ಐದು ಸೆಕೆಂಡಿನ ಕೆಲಸ, ಹಾಗಾಗಿ ಮೊದಲು ಬಿಸಿ ಇಲ್ಲದೆ ಎರಡು ಸಲ ಕೈ ಅಭ್ಯಾಸ ಮಾಡಿಕೊಳ್ಳಿ.

ತಳ್ಳಲೇಬೇಕಾದರೆ ಹೊರ ರೇಸ್ ಮೇಲೆ ಮಾತ್ರ ಒತ್ತಬೇಕು. ಅಳತೆಗೆ ಸರಿಯಾದ ಸಾಕೆಟ್ ಇಟ್ಟು ಒತ್ತಿ. ಒಳ ರೇಸ್ ಮೇಲೆ ಒತ್ತಿದರೆ ಆ ಬಲವೆಲ್ಲ ಗುಂಡುಗಳ ಮೂಲಕ ಹೋಗಿ ಓಡುವ ದಾರಿಯಲ್ಲಿ ತಗ್ಗು ಬೀಳುತ್ತೆ. ಹೊಸ ಬೇರಿಂಗ್ ಮೊದಲ ದಿನವೇ ಸದ್ದು ಮಾಡೋಕೆ ಶುರುವಾಗುತ್ತೆ. ಕೂತ ಮೇಲೆ ಕೇಸ್ ಆರುವವರೆಗೆ ಸಾಕೆಟ್ ಮೇಲೆ ಸ್ವಲ್ಪ ಭಾರ ಇಟ್ಟಿರಿ, ಇಲ್ಲದಿದ್ದರೆ ಒಂದೊಂದು ಸಲ ಮೇಲಕ್ಕೆ ಏಳುತ್ತೆ.

ಹೆಬ್ಬಾಳ ಲೇತ್:

ಆ ಸಣ್ಣ ಗುಳಿಗೆ ಏನೂ ಮಾಡಬೇಡಿ, ಸುತ್ತ ಹಿಡಿತ ಚೆನ್ನಾಗಿದೆ. ಗೂಡು ಸಡಿಲ ಇದೆ ಅಂತ ಯಾರಾದರೂ ಒಳಗೆ ಸುತ್ತ ಪಂಚ್ ಹೊಡೆದು ಚುಕ್ಕೆ ಮಾಡಿಕೊಡುತ್ತೇನೆ ಅಂದರೆ ಒಪ್ಪಬೇಡಿ. ಚುಕ್ಕೆಯ ತುದಿ ಕೆಲವೇ ದಿನದಲ್ಲಿ ಸವೆಯುತ್ತೆ, ಬೇರಿಂಗ್ ಗೂಡಿನಲ್ಲೇ ತಿರುಗೋಕೆ ಶುರು ಮಾಡುತ್ತೆ. ಸ್ವಲ್ಪ ಸಡಿಲ ಇದ್ದರೆ ಬೇರಿಂಗ್ ಹಿಡಿಯುವ ಹಸಿರು ಲೋಕ್‌ಟೈಟ್ ಅಂಟು ಸಾಕು, ಜಾಸ್ತಿ ಇದ್ದರೆ ಗೂಡನ್ನು ದೊಡ್ಡದು ಮಾಡಿ ಬುಷ್ ಅನ್ನೋ ಲೋಹದ ಬಳೆ ಹಾಕಬೇಕು. ನಿಮ್ಮದಕ್ಕೆ ಎರಡೂ ಬೇಕಿಲ್ಲ.

ಪ್ಯಾಕಿಂಗ್ ಮೇಲ್ಮೈಯ ಗಾಯಕ್ಕೆ: ದಪ್ಪ ಗಾಜಿನ ಮೇಲೆ 400ರ ವಾಟರ್ ಪೇಪರ್ ಅಂಟಿಸಿ, ನೀರು ಹಾಕಿ, ಕೇಸನ್ನು ಎಂಟರ ಆಕಾರದಲ್ಲಿ ಮೆಲ್ಲಗೆ ಉಜ್ಜಿ. ಎದ್ದು ನಿಂತ ಅಂಚು ಮಾತ್ರ ಹೋಗಬೇಕು, ಗಾಯದ ತಗ್ಗು ಹೋಗುವವರೆಗೆ ಉಜ್ಜಬೇಡಿ. ತಗ್ಗನ್ನು ಪ್ಯಾಕಿಂಗ್ ಮುಚ್ಚುತ್ತೆ. ಬೇರಿಂಗ್ ಕೂರಿಸುವ ಮೊದಲೇ ಇದನ್ನು ಮುಗಿಸಿ, ಪುಡಿ ಒಂದಿಷ್ಟೂ ಉಳಿಯದ ಹಾಗೆ ತೊಳೆಯಿರಿ.

ಮಂಡ್ಯ ಆರ್‌ಎಕ್ಸ್:

ಇವತ್ತು ಬೆಳಿಗ್ಗೆ ಕೂರಿಸಿದೆ. ನಿನ್ನೆ ಕೇಸನ್ನು ಗಾಜಿನ ಮೇಲೆ ಉಜ್ಜಿ ತೊಳೆದಿದ್ದೆ. ಬೇರಿಂಗ್ ರಾತ್ರಿಯೆಲ್ಲ ಫ್ರೀಜರ್‌ನಲ್ಲಿ ಹಾಲಿನ ಪ್ಯಾಕೆಟ್ ಪಕ್ಕ ಇತ್ತು. ಅಪ್ಪ ನೀರಿನ ಹನಿ ಚಿಮುಕಿಸಿ ನೋಡಿ, ಈಗ ಬಿಡು ಅಂದರು. ಬಿಟ್ಟೆ. ತಕ್ ಅಂತ ಒಂದೇ ಸಲಕ್ಕೆ ತಳ ಮುಟ್ಟಿತು, ಸಾಕೆಟ್ ಬೇಕಾಗಿದ್ದು ಭಾರ ಇಡೋಕೆ ಮಾತ್ರ. ಆರಿದ ಮೇಲೆ ಒಂದು ಹನಿ ಆಯಿಲ್ ಬಿಟ್ಟು ಗೇರ್ ಶಾಫ್ಟ್ ಇಟ್ಟು ಬೆರಳಿನಿಂದ ತಿರುಗಿಸಿದೆ. ಸದ್ದೇ ಇಲ್ಲ. ಅಪ್ಪನೂ ಎರಡು ಸಲ ತಿರುಗಿಸಿ ನೋಡಿದರು.

ಆಯಿಲ್ ಸೀಲ್ ಎಲ್ಲ ಹೊಸದು ತಂದಿದ್ದೇನೆ. ಸಿಲಿಂಡರ್ ಬೋರಿಂಗ್‌ಗೆ ಕೊಟ್ಟಿದ್ದೇನೆ, ಬುಧವಾರ ಸಿಗುತ್ತೆ. ಕೇಸ್ ಜೋಡಿಸುವ ದಿನ ಮತ್ತೆ ಬರೆಯುತ್ತೇನೆ.